ಭಯದ ಕಥೆಯಿಂದ ಇಂಗ್ಲಿಷ್: ನನ್ನ ತರಗತಿಯಲ್ಲಿ ನಡೆದದ್ದು, ನಿಮ್ಮ ಅನುಭವವನ್ನೂ ಹೇಳಿ

ಮಾಗಡಿ ರಸ್ತೆಯ ಟೀಚರ್ | ಶನಿವಾರ ಸಂಜೆ 6:20

ಎಲ್ಲರಿಗೂ ನಮಸ್ಕಾರ. ಮಾಗಡಿ ರಸ್ತೆಯ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಒಂಬತ್ತನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಅರ್ಧದಷ್ಟು ಮಕ್ಕಳ ಮನೆಮಾತು ಕನ್ನಡ, ಉಳಿದವರದು ತೆಲುಗು, ತಮಿಳು, ಉರ್ದು. ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಅಂದರೆ ನನ್ನ ಬಳಿ ಬರುವ ಹೊತ್ತಿಗೆ ಇವರು ಎಂಟು ವರ್ಷ ಇಂಗ್ಲಿಷ್ ಓದಿರುತ್ತಾರೆ. ಆದರೂ ಎದ್ದು ಒಂದು ವಾಕ್ಯ ಹೇಳು ಎಂದರೆ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ತಲೆ ತಗ್ಗಿಸಿ ನಿಲ್ಲುತ್ತಾರೆ. ತಪ್ಪಾದೀತು, ಪಕ್ಕದವರು ನಕ್ಕಾರು ಎಂಬ ಅಂಜಿಕೆ. ಆ ಅಂಜಿಕೆಯನ್ನು ಬಿಡಿಸಲು ನಾನು ಮಾಡದ ಪ್ರಯತ್ನವಿಲ್ಲ.

ಒಂದು ಮಧ್ಯಾಹ್ನ ಮೋಡ ಕವಿದು ಕರೆಂಟ್ ಹೋಗಿತ್ತು. ನಾನು ಬೋರ್ಡಿನ ಮೇಲೆ ಪಾಸ್ಟ್ ಕಂಟಿನ್ಯುಯಸ್ ಬರೆಯುತ್ತಿದ್ದೆ. ಗಾಳಿಗೆ ಹಿಂದಿನ ಬಾಗಿಲು ಕಿರ್ರೆಂದು ತಾನಾಗಿ ತೆರೆದುಕೊಂಡಿತು. ಶಾಲೆ ಶುರುವಾದಾಗಿನಿಂದ ನನ್ನೆದುರು ಬಾಯಿ ಬಿಡದಿದ್ದ ಕೊನೆಯ ಬೆಂಚಿನ ಹುಡುಗಿ, ‘ಮಿಸ್, ಯಾರೋ ಬಂದರು’ ಎಂದಳು. ಇಂಗ್ಲಿಷಿನಲ್ಲಿ ಹೇಳು ಎಂದೆ. ‘ಸಮ್‌ಒನ್ ಕಮ್’ ಎಂದಳು. ಪಕ್ಕದವನು ‘ನೋ, ನೋಬಡಿ ಕೇಮ್’ ಎಂದ. ಮತ್ತೊಬ್ಬ ತಗ್ಗಿದ ದನಿಯಲ್ಲಿ ‘ಸಮ್‌ಥಿಂಗ್ ಕೇಮ್’ ಎಂದ. ತರಗತಿಗೆ ತರಗತಿಯೇ ಸ್ತಬ್ಧವಾಯಿತು. ನಮ್ಮ ‘ಯಾರೋ’ ‘ಏನೋ’ ಎಂಬ ಮಾತುಗಳಲ್ಲಿ ಒಂದು ಓಕಾರ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಯಾವ ಪದ ಮಾಡುತ್ತದೆ ಎಂದು ನಾನು ಐದು ಸಲ ಪಾಠ ಮಾಡಿದ್ದೆ. ಅವತ್ತು ಮಾಡದೆಯೇ ಬಂತು. ಆ ಪೀರಿಯಡ್ ಮುಗಿಯುವಷ್ಟರಲ್ಲಿ ಬೋರ್ಡಿನ ಮೇಲೆ ಹದಿನೇಳು ವಾಕ್ಯಗಳ ಕಥೆಯಿತ್ತು. ಒಂದೂ ನನ್ನದಲ್ಲ.

ಅಂದಿನಿಂದ ವಾರಕ್ಕೊಂದು ಪೀರಿಯಡನ್ನು ಭಯದ ಕಥೆಗೆ ಮೀಸಲಿಟ್ಟಿದ್ದೇನೆ. ಇದು ಮಕ್ಕಳಿಗೆ ಮಜಾ ಸಿಗಲಿ ಎಂದು ಮಾಡುವ ಆಟವಲ್ಲ. ಕನ್ನಡದ ಮಕ್ಕಳು ಇಂಗ್ಲಿಷಿನಲ್ಲಿ ಎಡವುವ ಜಾಗಗಳನ್ನೇ ಭಯದ ಕಥೆ ಹುಡುಕಿ ಮುಟ್ಟುತ್ತದೆ. ಆರ್ಟಿಕಲ್ ನೋಡಿ. ನಮಗೆ ಆರ್ಟಿಕಲ್ ಇಲ್ಲ; ‘ಒಬ್ಬ ಹೆಂಗಸು’, ‘ಆ ಹೆಂಗಸು’ ಎಂದು ಸುಧಾರಿಸುತ್ತೇವೆ, ಎಷ್ಟೋ ಸಲ ಅದನ್ನೂ ಬಿಡುತ್ತೇವೆ. ‘ಎ ವುಮನ್ ಸ್ಟುಡ್ ಅಟ್ ದ ಗೇಟ್. ದ ವುಮನ್ ಹ್ಯಾಡ್ ನೋ ಫೀಟ್’ ಎಂದು ಬರೆದೆ. ಮೊದಲ ಸಲ ಕಂಡಾಗ ‘ಎ’, ಗುರುತಾದ ಮೇಲೆ ‘ದ’ ಎಂದೆ. ಒಬ್ಬ ಹುಡುಗ ಕೇಳಿದ: ‘ಮೊದಲ ವಾಕ್ಯದಲ್ಲೇ ದ ವುಮನ್ ಎಂದು ಬರೆದರೆ?’ ಹಾಗೆ ಬರೆದರೆ ಓದುವವರಿಗೆ ಅವಳು ಮೊದಲೇ ಗೊತ್ತಿದ್ದಾಳೆ ಎಂದಾಗುತ್ತದೆ ಎಂದೆ. ‘ಹಾಗಾದರೆ ಅದೇ ಹೆಚ್ಚು ಭಯ, ಮಿಸ್.’ ಆ ಹುಡುಗ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆರ್ಟಿಕಲ್ ತಪ್ಪಿಲ್ಲ.

ಇನ್ನು ಸದ್ದು. ಕಿರ್ರ್, ಧಡ್, ಸರಸರ, ತಟತಟ: ಕನ್ನಡ ಅನುಕರಣಾವ್ಯಯಗಳ ಕಣಜ. ಆದರೆ ನಮ್ಮಲ್ಲಿ ಬಾಗಿಲು ‘ಕಿರ್ರ್ ಎಂದಿತು’. ಸದ್ದಿಗೆ ‘ಎನ್ನು’ ಎಂಬ ಊರುಗೋಲು ಬೇಕು. ಇಂಗ್ಲಿಷಿನಲ್ಲಿ ಸದ್ದೇ ಕ್ರಿಯಾಪದ: ದ ಡೋರ್ ಕ್ರೀಕ್ಟ್, ದ ಲೀವ್ಸ್ ರಸಲ್ಡ್. ಇದು ಹೊಳೆದ ಮೇಲೆ ಮಕ್ಕಳು ‘ದ ಡೋರ್ ಸೆಡ್ ಕಿರ್ರ್’ ಎಂದು ಬರೆಯುವುದನ್ನು ಬಿಟ್ಟರು.

ಒಂದು ಕಥೆಯನ್ನು ಇಲ್ಲಿ ಹೇಳಲೇಬೇಕು. ಬರೆದವಳು ಅದೇ ಕೊನೆಯ ಬೆಂಚಿನ ಹುಡುಗಿ. ಅವರ ಬೀದಿಯಲ್ಲಿ ನಲ್ಲಿ ನೀರು ಬರುವುದು ರಾತ್ರಿ ಎರಡು ಗಂಟೆಗೆ. ಕಥೆಯಲ್ಲಿ ಹುಡುಗಿ ಬಿಂದಿಗೆ ಹಿಡಿದು ತಾಯಿಯ ಹಿಂದೆ ಹೋಗುತ್ತಾಳೆ. ತಾಯಿ ಮುಂದೆ ಮುಂದೆ ನಡೆಯುತ್ತಾಳೆ, ಕರೆದರೆ ತಿರುಗುವುದಿಲ್ಲ. ಒಟ್ಟು ಹನ್ನೊಂದು ಸಾಲು. ಹತ್ತನೆಯದು ‘ಶಿ ಡಿಡ್ ನಾಟ್ ಟರ್ನ್.’ ಹನ್ನೊಂದನೆಯದು ‘ಇಟ್ ಡಿಡ್ ನಾಟ್ ಟರ್ನ್.’ ನಾನು ಅಭ್ಯಾಸಬಲದಿಂದ ಆ ‘ಇಟ್’ಗೆ ಕೆಂಪು ಸುತ್ತು ಹಾಕಿ ‘ಶಿ’ ಎಂದು ತಿದ್ದಿದ್ದೆ. ಪುಸ್ತಕ ಕೊಟ್ಟಾಗ ಅವಳು ನನ್ನ ಮೇಜಿನ ಬಳಿ ಬಂದು, ಆ ಸುತ್ತಿನ ಮೇಲೆ ಬೆರಳಿಟ್ಟು, ‘ನೋ ಮಿಸ್. ಮೈ ಮದರ್ ಈಸ್ ಅಟ್ ಹೋಮ್’ ಎಂದಳು.

ನನ್ನ ಮೈ ಜುಮ್ಮೆಂದಿತು. ಕೆಂಪು ಗೆರೆಯ ಮೇಲೆ ಬಿಳಿ ಕಾಗದ ಅಂಟಿಸಿ ಪುಸ್ತಕ ಹಿಂತಿರುಗಿಸಿದೆ.

ಸಿನಿಮಾದ ವಿಷಯದಲ್ಲಿ ಮಾತ್ರ ನಾನು ಮೊದಲು ತಪ್ಪು ಮಾಡಿದೆ. ಹೊಸ ಹಾಲಿವುಡ್ ಚಿತ್ರವೊಂದರ ಇಪ್ಪತ್ತು ನಿಮಿಷ ತೋರಿಸಿದೆ. ಚೀರಿದರು, ನಕ್ಕರು, ಪುಸ್ತಕದಲ್ಲಿ ಏನೂ ಉಳಿಯಲಿಲ್ಲ. ಈಗ ಎರಡು ನಿಮಿಷಕ್ಕಿಂತ ಹೆಚ್ಚು ತೋರಿಸುವುದಿಲ್ಲ. 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವಿನಲ್ಲಿ ರಕ್ತಪಿಶಾಚಿಯ ನೆರಳು ಮೆಟ್ಟಿಲು ಹತ್ತುವ ದೃಶ್ಯವಿದೆ. ದೇಹವಿಲ್ಲ, ಬರೀ ನೆರಳು, ಉದ್ದನೆಯ ಬೆರಳುಗಳು. ಮೂಕಿಯಾದ್ದರಿಂದ ಮಾತು, ಸದ್ದು ಎಲ್ಲವನ್ನೂ ಮಕ್ಕಳೇ ತುಂಬಬೇಕು. ಡ್ರಾಕುಲಾ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಲೇಖಕನ ಪತ್ನಿ ಮೊಕದ್ದಮೆ ಹೂಡಿದರು, 1925ರಲ್ಲಿ ಪ್ರತಿಗಳನ್ನೆಲ್ಲ ನಾಶಮಾಡಲು ಆದೇಶವಾಯಿತು, ಆದರೂ ಕೆಲವು ಪ್ರತಿಗಳು ಉಳಿದುಕೊಂಡವು ಎಂದು ಹೇಳಿದಾಗ ಮಕ್ಕಳ ಕಣ್ಣು ಅರಳಿದವು. ‘ಸಿನಿಮಾನೂ ಸಾಯಲಿಲ್ಲವಾ ಮಿಸ್’ ಎಂದರು.

ಮುಖ್ಯೋಪಾಧ್ಯಾಯರಿಗೆ ಇದು ಅಷ್ಟಾಗಿ ಸಮಾಧಾನವಿಲ್ಲ. ಬೇರೆ ಶಿಕ್ಷಕರು, ಪೋಷಕರು ಏನೆನ್ನುತ್ತೀರಿ?

ಬಸವನಗುಡಿಯ ನಿವೃತ್ತ ಮೇಷ್ಟ್ರು | ಶನಿವಾರ ರಾತ್ರಿ 8:05

ಟೀಚರ್ ಅವರೇ, ನಿಮ್ಮ ಉತ್ಸಾಹ ಕಂಡು ಸಂತೋಷವಾಯಿತು. ನನ್ನ ಆಕ್ಷೇಪಣೆಯನ್ನೂ ಹೇಳಬೇಕು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಎಚ್. ನರಸಿಂಹಯ್ಯನವರ ಮಾತು ಕೇಳುತ್ತಾ ಬೆಳೆದವನು. ಅವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿಯನ್ನೇ ಮಾಡಿದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎನ್ನುವುದನ್ನು ಈ ಊರಿಗೆ ಕಲಿಸಿದವರು ಅವರು. ಅಮಾನವೀಯ ಆಚರಣೆ, ವಾಮಾಚಾರಗಳ ವಿರುದ್ಧ ನಮ್ಮ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ತಂದಿದೆ.

ಮಗುವಿಗೆ ಜ್ವರ ಬಂದರೆ ಇಂದಿಗೂ ಯಂತ್ರ ಕಟ್ಟಿಸಲು ಹೋಗುವ ಮನೆಗಳಿವೆ. ಅಂಥ ಮನೆಯಿಂದ ಬಂದ ಮಗುವಿಗೆ ಶಾಲೆಯಲ್ಲೂ ದೆವ್ವದ ಕಥೆ ಹೇಳಿದರೆ, ‘ನಮ್ಮ ಮಿಸ್ ಕೂಡ ಹೇಳಿದರು’ ಎಂದಾಗುವುದಿಲ್ಲವೇ? ಇಂಗ್ಲಿಷ್ ಬರುತ್ತದೆ, ನಿಜ. ಅದರ ಜೊತೆಗೆ ಏನು ಬರುತ್ತದೆ ಎನ್ನುವುದೇ ನನ್ನ ಪ್ರಶ್ನೆ.

ಕೆಂಗೇರಿಯ ತಾಯಿ | ಶನಿವಾರ ರಾತ್ರಿ 9:40

ಇದನ್ನು ಬರೆಯಲು ಸ್ವಲ್ಪ ಹಿಂಜರಿದೆ. ನನ್ನ ಮಗಳು ಏಳನೇ ತರಗತಿ, ಖಾಸಗಿ ಶಾಲೆ. ಕಳೆದ ವರ್ಷ ಒಂದು ಶನಿವಾರ ಅವರ ಶಾಲೆಯಲ್ಲಿ ಇಂಗ್ಲಿಷ್ ಸುಧಾರಿಸಲಿ ಎಂದು ಇಡೀ ಹಾರರ್ ಚಿತ್ರವೊಂದನ್ನು ಕತ್ತಲೆ ಕೋಣೆಯಲ್ಲಿ ತೋರಿಸಿದರು. ನಮಗೆ ಮೊದಲೇ ತಿಳಿಸಿರಲಿಲ್ಲ. ಆಮೇಲೆ ಹುಡುಕಿ ನೋಡಿದರೆ ಅದು ‘ಎ’ ಪ್ರಮಾಣಪತ್ರದ ಚಿತ್ರ. ಒಂಬತ್ತು ರಾತ್ರಿ ಅವಳು ನಮ್ಮಿಬ್ಬರ ನಡುವೆ ಮಲಗಿದಳು. ಬಚ್ಚಲುಮನೆಗೆ ಹೋದರೆ ನಾನು ಬಾಗಿಲ ಹೊರಗೆ ನಿಂತು ಮಾತನಾಡುತ್ತಲೇ ಇರಬೇಕು, ನನ್ನ ದನಿ ಕೇಳುತ್ತಿರಬೇಕು. ಒಂದು ನಿಮಿಷ ಸುಮ್ಮನಾದರೆ ‘ಅಮ್ಮಾ’ ಎಂದು ಕೂಗುತ್ತಿದ್ದಳು. ಶಾಲೆಗೆ ಹೋಗಿ ಕೇಳಿದ್ದಕ್ಕೆ ‘ಈ ಕಾಲದ ಮಕ್ಕಳು ಮೊಬೈಲಿನಲ್ಲಿ ಇದಕ್ಕಿಂತ ಹೆಚ್ಚಿನದನ್ನು ನೋಡುತ್ತಾರೆ’ ಎಂಬ ಉತ್ತರ ಬಂತು. ನನ್ನ ಮಗಳು ನೋಡುತ್ತಿರಲಿಲ್ಲ.

ನೀವು ಕಾಳಜಿ ಇಟ್ಟು ಮಾಡುತ್ತಿದ್ದೀರಿ ಎನ್ನುವುದು ನಿಮ್ಮ ಬರಹದಲ್ಲಿ ಕಾಣುತ್ತದೆ. ಆದರೆ ನಿಮ್ಮ 42 ಮಕ್ಕಳಲ್ಲಿ ನನ್ನ ಮಗಳಂಥವಳು ಒಬ್ಬಳಿದ್ದರೆ?

ಮಾಗಡಿ ರಸ್ತೆಯ ಟೀಚರ್ | ಶನಿವಾರ ರಾತ್ರಿ 11:15

ಮೊದಲು ಕೆಂಗೇರಿಯ ಅಮ್ಮನಿಗೆ. ನಿಮ್ಮ ಮಗಳಿಗೆ ಆದದ್ದು ಆಗಬಾರದಿತ್ತು. ‘ಎ’ ಚಿತ್ರವನ್ನು ಹದಿನೆಂಟು ತುಂಬದವರಿಗೆ ಚಿತ್ರಮಂದಿರದಲ್ಲೇ ತೋರಿಸುವಂತಿಲ್ಲ, ಶಾಲೆಯಲ್ಲಿ ಆ ಪ್ರಶ್ನೆಯೇ ಏಳಬಾರದು. 2023ರ ತಿದ್ದುಪಡಿಯ ನಂತರ, ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ‘ಯುಎ’ ಚಿತ್ರಗಳಲ್ಲೂ 7, 13, 16 ಎಂದು ಮೂರು ವಯಸ್ಸಿನ ವಿಂಗಡಣೆ ಬಂದಿದೆ, ಅದನ್ನು ನೋಡಿಕೊಂಡೇ ಆರಿಸಬೇಕು. ನನ್ನ ತರಗತಿಯಲ್ಲಿ ದೀಪ ಆರಿಸುವುದಿಲ್ಲ, ಕಿಟಕಿ ಮುಚ್ಚುವುದಿಲ್ಲ. ಏನು ಬರುತ್ತದೆ ಎಂದು ಮೊದಲೇ ಹೇಳುತ್ತೇನೆ. ಬೇಡ ಎನ್ನುವವರು ಕಾರಣ ಕೊಡಬೇಕಾಗಿಲ್ಲ. ಅವರು ಜಗಲಿಯಲ್ಲಿ ಕುಳಿತು ಉಳಿದವರ ಕಥೆಗಳಿಗೆ ಚಿತ್ರ ಬರೆದು ಅದರ ಕೆಳಗೆ ಎರಡು ವಾಕ್ಯ ಬರೆಯುತ್ತಾರೆ. ಈ ವರ್ಷ ಮೂವರು ಹಾಗೆ ಹೊರಗೆ ಕುಳಿತರು. ಒಬ್ಬನ ಅಜ್ಜಿ ತೀರಿಕೊಂಡು ತಿಂಗಳಾಗಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಬೇಡ ಎನ್ನುವ ದಾರಿಯನ್ನು ತೆರೆದಿಟ್ಟಿದ್ದರಿಂದ ನನಗೆ ತಿಳಿಯಿತು.

ಮೇಷ್ಟ್ರೇ, ನಿಮ್ಮ ಪ್ರಶ್ನೆ ನನ್ನನ್ನೂ ಕಾಡಿದೆ. ‘ನಾಳೆ ಬಾ’ ನಿಮಗೆ ನೆನಪಿರಬೇಕು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ಆ ಎರಡು ಪದಗಳಿದ್ದವು. ರಾತ್ರಿ ಒಬ್ಬಳು ಬಂದು ಬಾಗಿಲು ತಟ್ಟುತ್ತಾಳೆ, ಮನೆಯವರ ದನಿಯಲ್ಲೇ ಕರೆಯುತ್ತಾಳೆ, ತೆರೆದವರು ಉಳಿಯುವುದಿಲ್ಲ. ಬರಹ ಓದಿ ಹಿಂತಿರುಗುತ್ತಾಳೆ, ಮರುದಿನ ಬಂದರೆ ಮತ್ತೆ ಅದೇ ಬರಹ. ನಮ್ಮ ವಠಾರದಲ್ಲಿ ಎಂಟು ಮನೆ, ಎಂಟೂ ಬಾಗಿಲ ಮೇಲೆ ಸೀಮೆಸುಣ್ಣದ ಅಕ್ಷರ. ನಮ್ಮ ಬಾಗಿಲಿಗೆ ಬರೆದದ್ದು ನಾನೇ, ಅಪ್ಪ ನನ್ನನ್ನು ಎತ್ತಿ ಹಿಡಿದಿದ್ದರು. ನನ್ನ ಮಕ್ಕಳಿಗೆ ಹೇಳಿದರೆ ‘ಅದು ಹಿಂದಿ ಸಿನಿಮಾದಲ್ಲಿದೆ ಮಿಸ್’ ಎಂದರು. 2018ರ ‘ಸ್ತ್ರೀ’ ಚಿತ್ರ ನಮ್ಮ ಊರಿನ ಈ ಕಥೆಯಿಂದಲೇ ಎಳೆ ತೆಗೆದುಕೊಂಡದ್ದು ಎಂದು ಅವರಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ದೊಡ್ಡವರನ್ನು ಅವರ ಭಾಷೆಯಲ್ಲೇ ಕೇಳಿಕೊಂಡು ಬನ್ನಿ, ಇಂಗ್ಲಿಷಿನಲ್ಲಿ ವರದಿ ಮಾಡಿ ಎಂದೆ. ರಿಪೋರ್ಟೆಡ್ ಸ್ಪೀಚ್ ಪಾಠವದು. ಒಂದು ಷರತ್ತು: ‘ಶಿ ಸಾ’ ಎಂದು ಬರೆಯಬೇಕಾದರೆ ಅವರು ಕಣ್ಣಾರೆ ಕಂಡಿರಬೇಕು. ಕಂಡೆ ಎಂದು ಹೇಳಿದರೆ ‘ಶಿ ಸೆಡ್ ಶಿ ಹ್ಯಾಡ್ ಸೀನ್’. ಬೇರೆಯವರು ಕಂಡರಂತೆ ಎಂದರೆ ‘ಶಿ ಹ್ಯಾಡ್ ಹರ್ಡ್ ದಟ್’. ನಮ್ಮ ‘ಅಂತೆ’ ಇದೆಯಲ್ಲ, ಅದನ್ನು ಇಂಗ್ಲಿಷಿಗೆ ತರುವುದು ಸುಲಭವಲ್ಲ, ಮಕ್ಕಳು ಒದ್ದಾಡಿದರು. ಕೊನೆಗೆ ಬೋರ್ಡಿನ ಮೇಲೆ ಮೂರು ಸಾಲು ಮಾಡಿ ಹೆಸರು ತುಂಬುತ್ತಾ ಹೋದೆವು. ಕಂಡವರ ಸಾಲು ಖಾಲಿ. ಕಂಡೆ ಎಂದವರ ಸಾಲು ಖಾಲಿ. ಎಲ್ಲ ಅಜ್ಜಿಯರೂ, ಎಲ್ಲ ಮಾವಂದಿರೂ ‘ಅಂತೆ’ಯ ಸಾಲಿನಲ್ಲಿದ್ದರು. ನಾನು ಒಂದು ಮಾತೂ ಆಡಲಿಲ್ಲ. ‘ಹಾಗಾದರೆ ಮೊದಲು ಹೇಳಿದ್ದು ಯಾರು ಮಿಸ್?’ ಎಂದು ಅವರೇ ಕೇಳಿದರು. ನರಸಿಂಹಯ್ಯನವರು ಆ ದಿನ ನಮ್ಮ ತರಗತಿಯಲ್ಲಿ ಇರಬೇಕಿತ್ತು ಎನಿಸಿತು.

ಇನ್ನೊಂದು ಮಾತು. ‘ದೆವ್ವಕ್ಕೆ ನಾಳೆ ಬನ್ನಿ ಎಂದು ಏಕೆ ಬರೆಯಲಿಲ್ಲ’ ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು ಉತ್ತರಿಸಿದಳು: ‘ಬನ್ನಿ ಎಂದರೆ ನೆಂಟರಾಗುತ್ತಾರೆ, ಒಳಗೆ ಕರೆಯಬೇಕಾಗುತ್ತದೆ.’ ಇಂಗ್ಲಿಷಿನಲ್ಲಿ ಎರಡಕ್ಕೂ ‘ಕಮ್’ ಒಂದೇ. ಆ ಭಾಷೆಯಲ್ಲಿ ಇಲ್ಲದ್ದು ನಮ್ಮಲ್ಲಿ ಏನಿದೆ ಎಂದು ಮಕ್ಕಳು ಕಂಡುಕೊಂಡ ದಿನವೂ ಅದೇ.

ಗಾಂಧಿನಗರದ ಶಬ್ದ ವಿನ್ಯಾಸಕ | ಭಾನುವಾರ ಬೆಳಿಗ್ಗೆ 7:30

ನಾನು ಸಿನಿಮಾಗಳಿಗೆ ಸದ್ದು ಕಟ್ಟುವವನು. ಟೀಚರ್ ಎರಡು ನಿಮಿಷ ಸಾಕು ಎಂದದ್ದು ನೂರಕ್ಕೆ ನೂರು ಸರಿ. ನಾನೊಂದು ದೃಶ್ಯ ಹೇಳುತ್ತೇನೆ. 1942ರ ಅಮೆರಿಕನ್ ಚಿತ್ರ ‘ಕ್ಯಾಟ್ ಪೀಪಲ್’. ರಾತ್ರಿ ಒಬ್ಬ ಹೆಂಗಸು ಒಂಟಿಯಾಗಿ ನಡೆಯುತ್ತಿದ್ದಾಳೆ. ಎರಡು ಜೊತೆ ಹೆಜ್ಜೆಯ ಸದ್ದು ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಒಂದೇ ಜೊತೆ. ಅವಳು ತಿರುಗುತ್ತಾಳೆ, ಯಾರೂ ಇಲ್ಲ, ಓಡತೊಡಗುತ್ತಾಳೆ. ಪಕ್ಕದಿಂದ ಬುಸ್ಸೆಂದು ಏನೋ ನುಗ್ಗುತ್ತದೆ. ಅದು ಬಸ್, ಬ್ರೇಕಿನ ಸದ್ದು. ಅಷ್ಟೇ. ನಿರ್ಮಾಪಕ ವಾಲ್ ಲ್ಯೂಟನ್ ಹೆಸರಿನಿಂದ ನಮ್ಮ ವೃತ್ತಿಯಲ್ಲಿ ಈ ತಂತ್ರವನ್ನು ಇಂದಿಗೂ ‘ಲ್ಯೂಟನ್ ಬಸ್’ ಎನ್ನುತ್ತಾರೆ. ರಕ್ತವಿಲ್ಲ, ಭೂತವಿಲ್ಲ, ಹದಿಮೂರರ ಮಕ್ಕಳಿಗೆ ಧಾರಾಳವಾಗಿ ತೋರಿಸಬಹುದು.

ಬಿಎಂಟಿಸಿ ಬಸ್ ನಿಲ್ಲುವಾಗ ಬುಸ್ ಎನ್ನುವುದನ್ನು ದಿನಾ ಕೇಳುವ ಮಕ್ಕಳು ನಮ್ಮವರು. ಅವರಿಗೆ ಇದು ತಟ್ಟನೆ ಹಿಡಿಸುತ್ತದೆ. ಮೊದಲು ಪರದೆ ತಿರುಗಿಸಿ ಸದ್ದು ಮಾತ್ರ ಕೇಳಿಸಿ. ಏನೇನು ಕೇಳಿತು ಎಂದು ಬರೆಸಿ. ಆಮೇಲೆ ಸದ್ದು ತೆಗೆದು ಚಿತ್ರ ಮಾತ್ರ ತೋರಿಸಿ. ಕೊನೆಗೆ ಎರಡನ್ನೂ ಸೇರಿಸಿ. ಒಂದೇ ನಿಮಿಷದ ದೃಶ್ಯದಿಂದ ಮೂರು ಪಾಠ.

ನೋಡಿ ಹೆದರಿದ ಮಗುವಿಗೆ ಮದ್ದು ಯಾವುದು ಎಂದು ಕೇಳಿದರೆ, ಆ ಸದ್ದನ್ನು ಅದರ ಕೈಯಿಂದಲೇ ಮಾಡಿಸುವುದು ಎನ್ನುತ್ತೇನೆ. ಚಿತ್ರಕ್ಕೆ ಹೆಜ್ಜೆ, ಬಾಗಿಲು, ಬಟ್ಟೆಯ ಸದ್ದುಗಳನ್ನು ಸ್ಟುಡಿಯೋದಲ್ಲಿ ಬೇರೆಯಾಗಿ ಮಾಡಿ ಸೇರಿಸುವ ಕೆಲಸಕ್ಕೆ ಫೋಲಿ ಎಂದು ಹೆಸರು, ಹಾಲಿವುಡ್ಡಿನ ಜ್ಯಾಕ್ ಫೋಲಿಯಿಂದ ಬಂದದ್ದು. ಎಲುಬು ಮುರಿಯುವ ಸದ್ದಿಗೆ ಅವರು ಸೆಲರಿ ದಂಟು ಮುರಿಯುತ್ತಾರೆ. ನಾನು ಹಸಿ ಕಬ್ಬು ಬಳಸುತ್ತೇನೆ. ಒಣಗಿದ ಮಾವಿನ ಎಲೆಯನ್ನು ಬೆರಳ ಸಂದಿಯಲ್ಲಿ ಹಿಸುಕಿ ಮೊಬೈಲಿನ ಮೈಕಿಗೆ ಹಿಡಿದರೆ ಯಾರೋ ಕಾಡಿನಲ್ಲಿ ನಡೆದಂತೆ ಇರುತ್ತದೆ. ನನ್ನ ಅಣ್ಣನ ಮಗ ಎಂಟು ವರ್ಷದವನು, ಕಬ್ಬು ಮುರಿದು ತೋರಿಸಿದ ಮೇಲೆ ಆ ಸದ್ದಿಗೆ ಮತ್ತೆ ಬೆಚ್ಚಿಲ್ಲ.

ಆನೇಕಲ್ಲಿನ ಹೊಸ ಶಿಕ್ಷಕ | ಭಾನುವಾರ ಬೆಳಿಗ್ಗೆ 10:10

ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ನಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಇಲ್ಲ, ಪೀರಿಯಡ್ ನಲವತ್ತು ನಿಮಿಷ, ಪಠ್ಯ ಮುಗಿಸಲೇಬೇಕು. ನನ್ನಂಥವರು ಎಲ್ಲಿಂದ ಶುರುಮಾಡಬೇಕು? ಸಿನಿಮಾ ತುಣುಕು ತೋರಿಸಲು ಯಾರ ಅನುಮತಿಯಾದರೂ ಬೇಕೇ?

ಕಬ್ಬನ್ ಪಾರ್ಕ್ ಓದುಗ | ಭಾನುವಾರ ಬೆಳಿಗ್ಗೆ 11:00

ಅನುಮತಿಯ ಬಗ್ಗೆ: 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಅಲ್ಲಿನ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ನೋಡುವಂತೆ ಚಿತ್ರ ತೋರಿಸಿದರೆ ಉಲ್ಲಂಘನೆಯಾಗುವುದಿಲ್ಲ. ಹೊರಗಿನವರನ್ನು ಕರೆಯಬೇಡಿ, ಟಿಕೆಟ್ ಇಡಬೇಡಿ.

‘ನನಗೆ ಕಥೆ ಹೊಳೆಯುತ್ತಿಲ್ಲ’ ಎನ್ನುವ ಮಕ್ಕಳಿಗೆ ಮೇರಿ ಶೆಲ್ಲಿಯ ವಿಷಯ ಹೇಳಿ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಮನೆಯಲ್ಲಿ ಮಳೆಗೆ ಸಿಕ್ಕಿಕೊಂಡ ಗೆಳೆಯರಿಗೆ ಕವಿ ಬೈರನ್ ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ಮೇರಿಗೆ ಆಗ ಹದಿನೆಂಟು ವರ್ಷ. ದಿನಾ ಬೆಳಿಗ್ಗೆ ‘ಕಥೆ ಹೊಳೆಯಿತೇ’ ಎಂದು ಕೇಳುತ್ತಿದ್ದರು, ದಿನಾ ಇಲ್ಲ ಎನ್ನಬೇಕಾಗುತ್ತಿತ್ತು ಎಂದು ಅವಳೇ ಬರೆದುಕೊಂಡಿದ್ದಾಳೆ. ಆಮೇಲೆ ಹೊಳೆದದ್ದು ‘ಫ್ರಾಂಕೆನ್‌ಸ್ಟೈನ್’. 1818ರಲ್ಲಿ ಅವಳ ಹೆಸರಿಲ್ಲದೆ ಅಚ್ಚಾಯಿತು.

ಮಾಗಡಿ ರಸ್ತೆಯ ಟೀಚರ್ | ಭಾನುವಾರ ಮಧ್ಯಾಹ್ನ 2:45

ಆನೇಕಲ್ಲಿನ ಮೇಷ್ಟ್ರೇ, ಪ್ರೊಜೆಕ್ಟರ್ ಇಲ್ಲದಿದ್ದರೇ ಒಳ್ಳೆಯದು, ಕಿವಿಯಿಂದ ಶುರುಮಾಡಿ. 1902ರಲ್ಲಿ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಬರೆದ ‘ದ ಮಂಕೀಸ್ ಪಾ’ ಕಥೆಯನ್ನು ಸರಳ ಮಾಡಿಕೊಂಡು ಗಟ್ಟಿಯಾಗಿ ಓದಿ. ಭಾರತದಿಂದ ಮರಳಿದ ಸೈನಿಕನೊಬ್ಬ ತಂದ ಕೋತಿಯ ಪಂಜ, ಮೂರು ವರ. ತಂದೆ ಇನ್ನೂರು ಪೌಂಡ್ ಕೇಳುತ್ತಾನೆ. ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಪರಿಹಾರದ ಹಣ ಇನ್ನೂರು ಪೌಂಡ್. ತಾಯಿ ಮಗ ಮರಳಿ ಬರಲಿ ಎಂದು ಕೇಳಿಸುತ್ತಾಳೆ. ರಾತ್ರಿ ಬಾಗಿಲು ತಟ್ಟುವ ಸದ್ದು. ಮೇಲಿನ ಚಿಲಕ ಎಟುಕದೆ ಅವಳು ಕುರ್ಚಿ ಎಳೆದುಕೊಳ್ಳುತ್ತಾಳೆ. ಅಲ್ಲಿ ಪುಸ್ತಕ ಮುಚ್ಚಿಬಿಡಿ. ಉಳಿದದ್ದನ್ನು ಮಕ್ಕಳು ಬರೆದು ತರಲಿ.

‘ನಾಳೆ ಬಾ’ ಗೊತ್ತಿರುವ ಮಕ್ಕಳಿಗೆ ಆ ಬಾಗಿಲು ಪರಕೀಯವಲ್ಲ. ಅಲ್ಲಿ ತೆರೆಯಬಾರದ ಬಾಗಿಲು, ಇಲ್ಲಿ ತಾಯಿ ತೆರೆಯಲೇಬೇಕೆಂದು ಹಟ ಹಿಡಿದ ಬಾಗಿಲು. ನನ್ನ ತರಗತಿಯಲ್ಲಿ ಗಂಡುಮಕ್ಕಳು ತೆರೆಯಬೇಡ ಎಂದರು, ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ತೆರೆಯಲಿ ಎಂದರು. ‘ಶುಡ್’, ‘ಶುಡ್ ನಾಟ್’, ‘ಮಸ್ಟ್’, ‘ಮೈಟ್ ಬಿ’ ಎಲ್ಲವೂ ಆ ಜಗಳದಲ್ಲೇ ಬಂದವು. ‘ನಾಕ್’ ಪದದ ಮೊದಲ ಅಕ್ಷರ ಕೇಳಿಸುವುದಿಲ್ಲ ಎನ್ನುವುದನ್ನೂ, ‘ನಾಕ್ಟ್’, ‘ಓಪನ್ಡ್’, ‘ವೇಟೆಡ್’ ಮೂರರ ಕೊನೆಯೂ ಮೂರು ಬಗೆ ಎನ್ನುವುದನ್ನೂ ಬಾಗಿಲ ಬಳಿಯೇ ಕಲಿಸಬಹುದು. ನಮ್ಮ ಮಕ್ಕಳು ‘ಘೋಸ್ಟ್’ ಎಂದು ಘಕಾರ ಒತ್ತಿ ಹೇಳುತ್ತಾರೆ, ಕಾಗುಣಿತದಲ್ಲಿ ‘ಎಚ್’ ಕಾಣುತ್ತದಲ್ಲ. ಅದು ನೋಡಲಿಕ್ಕೆ ಮಾತ್ರ, ಬಾಯಲ್ಲಿ ‘ಗೋಸ್ಟ್’.

ತಪ್ಪುಗಳನ್ನು ಮೊದಲ ದಿನ ತಿದ್ದಬೇಡಿ. ಇದನ್ನು ನಾನು ಆ ಕೆಂಪು ಸುತ್ತಿನಿಂದ ಕಲಿತೆ. ಮೊದಲು ಕಥೆಗಾರರಿಗೆ ಉತ್ತರ ಕೊಡಿ, ‘ಇಲ್ಲಿ ನನಗೆ ಭಯವಾಯಿತು’, ‘ಇಲ್ಲಿ ಅವಳು ಎಲ್ಲಿದ್ದಾಳೆ ಎಂದು ತಿಳಿಯಲಿಲ್ಲ’ ಎಂದು. ತಿಳಿಯಲಿಲ್ಲ ಎಂದ ಕಡೆ ವ್ಯಾಕರಣವನ್ನು ಅವರೇ ಕೇಳಿಕೊಂಡು ಬರುತ್ತಾರೆ.

ಯಲಹಂಕದ ಶಿಕ್ಷಕ | ಭಾನುವಾರ ರಾತ್ರಿ 8:50

ನಾನೂ ಎರಡು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ಇಲ್ಲಿ ಯಾರೂ ಹೇಳದ ಒಂದು ಮಾತಿದೆ.

ಒಬ್ಬ ಹುಡುಗನ ಕಥೆ ಹೀಗಿತ್ತು. ರಾತ್ರಿ ಹನ್ನೊಂದು ಗಂಟೆ. ಬೀಗದ ಕೈ ಬಾಗಿಲಿನಲ್ಲಿ ತಿರುಗುವ ಸದ್ದು. ಮೊದಲ ಸಲ ಸರಿಯಾಗಿ ಹೋಗುವುದಿಲ್ಲ, ಕೆರೆಯುತ್ತದೆ, ಮತ್ತೆ ಕೆರೆಯುತ್ತದೆ. ತಂಗಿ ಮಂಚದ ಕೆಳಗೆ ಹೋಗುತ್ತಾಳೆ. ಅಮ್ಮ ದೀಪ ಆರಿಸುತ್ತಾಳೆ. ‘ದೆನ್ ಇಟ್ ಕಮ್ಸ್ ಇನ್’ ಎಂದು ಕಥೆ ಮುಗಿಯುತ್ತದೆ. ಉಳಿದವರೆಲ್ಲ ಭೂತಕಾಲದಲ್ಲಿ ಬರೆದಿದ್ದರು, ಇವನೊಬ್ಬ ವರ್ತಮಾನ ಕಾಲದಲ್ಲಿ. ಕಾಲ ತಪ್ಪಿದೆ ಎಂದು ಗುರುತು ಹಾಕಲು ಪೆನ್ನು ಎತ್ತಿದೆ. ಕೈ ನಿಂತಿತು. ಅದು ನಡೆದು ಮುಗಿದ ಕಥೆಯಲ್ಲ, ದಿನಾ ನಡೆಯುತ್ತಿರುವುದು.

ತರಗತಿಯಲ್ಲಿ ಓದಿಸಲಿಲ್ಲ. ಮರುದಿನ ಪುಸ್ತಕ ಜೋಡಿಸುವ ನೆಪದಲ್ಲಿ ಕರೆದು, ‘ನಿನ್ನ ಕಥೆ ಚೆನ್ನಾಗಿದೆ. ಆ ಮನೆಯ ಬಗ್ಗೆ ಇನ್ನೂ ಹೇಳಬೇಕೆನಿಸಿದರೆ ನಾನಿದ್ದೇನೆ’ ಎಂದಷ್ಟೇ ಹೇಳಿದೆ. ಅವನು ಮಾತಾಡಿದ್ದು ಆರು ದಿನದ ನಂತರ. ಮುಖ್ಯೋಪಾಧ್ಯಾಯಿನಿಯವರು 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿದರು, ಅವನ ಚಿಕ್ಕಮ್ಮನನ್ನು ಕರೆಸಿದರು. ಈಗ ತಾಯಿ, ಮಕ್ಕಳಿಬ್ಬರು ಚಿಕ್ಕಮ್ಮನ ಮನೆಯಲ್ಲಿದ್ದಾರೆ.

ಭಯದ ಕಥೆ ಬರೆಯಿರಿ ಎಂದು ಮಕ್ಕಳಿಗೆ ಹೇಳುವವರು ಪ್ರತಿಯೊಂದನ್ನೂ ಓದಲೇಬೇಕು, ಅಂಕ ಹಾಕುವ ಮುನ್ನ ಓದಬೇಕು. ಓದಲು ಪುರುಸೊತ್ತಿಲ್ಲದವರು ಬರೆಸಬಾರದು.

ಕೆಂಗೇರಿಯ ತಾಯಿ | ಸೋಮವಾರ ರಾತ್ರಿ 9:20

ನಿನ್ನೆ ಸಂಜೆ ಮಗಳಿಗೆ ಆ ಬಿಂದಿಗೆಯ ಹುಡುಗಿಯ ಕಥೆ ಹೇಳಿದೆ. ಹೇಳಬಾರದಿತ್ತೇನೋ ಎಂದು ಆಮೇಲೆ ಕಳವಳಪಟ್ಟೆ. ಇವತ್ತು ಶಾಲೆಯಿಂದ ಬಂದವಳೇ ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಅರ್ಧ ಪುಟ ಬರೆದಳು. ಬಚ್ಚಲುಮನೆಯೊಳಗೆ ಒಬ್ಬ ಹುಡುಗಿ, ಹೊರಗೆ ಅಮ್ಮ ಮಾತನಾಡುತ್ತಿದ್ದಾಳೆ. ಮಾತು ನಿಲ್ಲುತ್ತದೆ. ಹುಡುಗಿ ಬಾಗಿಲು ತೆರೆಯುತ್ತಾಳೆ. ಅಮ್ಮ ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡಿರುತ್ತಾಳೆ, ಅಷ್ಟೇ. ‘ಉಕ್ಕಿತು’ ಎನ್ನುವುದಕ್ಕೆ ಇಂಗ್ಲಿಷ್ ಏನು ಎಂದು ಕೇಳಿದಳು. ‘ಬಾಯ್ಲ್ಡ್ ಓವರ್’ ಎಂದೆ. ಸರಿ ತಾನೆ?

ಮಾಗಡಿ ರಸ್ತೆಯ ಟೀಚರ್ | ಸೋಮವಾರ ರಾತ್ರಿ 9:35

ಸರಿಯಾಗಿದೆ ಅಮ್ಮಾ. ಅವಳು ಒಪ್ಪಿದರೆ ನನ್ನ ಮಕ್ಕಳಿಗೆ ಅದನ್ನು ಓದಿ ಹೇಳಲೇ? ಹೆಸರು ಹೇಳುವುದಿಲ್ಲ.

ಬಸವನಗುಡಿಯ ನಿವೃತ್ತ ಮೇಷ್ಟ್ರು | ಮಂಗಳವಾರ ಬೆಳಿಗ್ಗೆ 6:10

ಟೀಚರ್ ಅವರೇ, ‘ಅಂತೆ’ಯ ಸಾಲಿನ ಪಾಠವನ್ನು ಎರಡು ಸಲ ಓದಿದೆ. ನನ್ನ ಆಕ್ಷೇಪಣೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಒಂದು ಕೋರಿಕೆಯಿದೆ. ಬಾಗಿಲು ಏಕೆ ಕಿರ್ರೆನ್ನುತ್ತದೆ ಎಂದು ನಿಮ್ಮ ಮಕ್ಕಳಿಗೆ ನಾನು ತೋರಿಸಬೇಕು. ಕೀಲಿನ ಲೋಹ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಜಾರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ, ಕ್ಷಣಕ್ಕೆ ಎಷ್ಟೋ ಸಲ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವ ಕೆಲಸವೂ ಅದೇ. ಮನೆಯಲ್ಲಿ ಹಳೆಯ ಪಿಟೀಲೊಂದಿದೆ, ತರುತ್ತೇನೆ. ಇಂಗ್ಲಿಷಿನಲ್ಲೇ ಹೇಳಲು ಪ್ರಯತ್ನಿಸುತ್ತೇನೆ, ಮಕ್ಕಳು ನನ್ನನ್ನು ತಿದ್ದಲಿ. ನಾನು ಬರುವವರೆಗೆ ಆ ಹಿಂದಿನ ಬಾಗಿಲಿಗೆ ದಯವಿಟ್ಟು ಎಣ್ಣೆ ಹಾಕಿಸಬೇಡಿ.

ಮಾಗಡಿ ರಸ್ತೆಯ ಟೀಚರ್ | ಮಂಗಳವಾರ ಬೆಳಿಗ್ಗೆ 6:40

ಹಾಕಿಸುವುದಿಲ್ಲ ಮೇಷ್ಟ್ರೇ. ಈ ಶನಿವಾರ ಬೆಳಗಿನ ಶಾಲೆ, ಎರಡನೇ ಪೀರಿಯಡ್ ನನ್ನದು. ಬಸ್ ನಿಲ್ದಾಣದ ಬಳಿ ಇಬ್ಬರು ಮಕ್ಕಳು ನಿಮಗಾಗಿ ಕಾಯುತ್ತಿರುತ್ತಾರೆ.